ಮೌಗ್ಲಿ ಚೆನ್ನಾಗಿದ್ದನೋ, ನಾವು ಚಿಕ್ಕವರಾಗಿದ್ದೆವೋ?

ಪ್ರಶ್ನೆ: ನಾನು ಸಕಲೇಶಪುರದವಳು. ತೊಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಮೌಗ್ಲಿ, ಡಕ್‌ಟೇಲ್ಸ್, ಟೇಲ್‌ಸ್ಪಿನ್ ನೋಡಿ ಬೆಳೆದೆ. ಈಗ ನನ್ನ ಆರು ವರ್ಷದ ಮಗ ನೋಡುವ ಕಾರ್ಟೂನ್‌ಗಳನ್ನು ಕಂಡರೆ ಸಂಕಟವಾಗುತ್ತದೆ. ಪ್ಲಾಸ್ಟಿಕ್ ಮುಖಗಳು, ಕಣ್ಣು ಕುಕ್ಕುವ ಬಣ್ಣ, ಬಾಯಿಯೊಂದನ್ನು ಬಿಟ್ಟು ಬೇರೇನೂ ಅಲುಗುವುದಿಲ್ಲ. ಮೊನ್ನೆ ಹಳೆಯ ಮೌಗ್ಲಿಯನ್ನು ಮೊಬೈಲಿನಲ್ಲಿ ಹುಡುಕಿ ತೋರಿಸಿದೆ. ಹತ್ತು ನಿಮಿಷಕ್ಕೇ ಎದ್ದು ಹೋದ. ನಿಜ ಹೇಳಬೇಕೆಂದರೆ ನನಗೂ ಅಷ್ಟು ರುಚಿಸಲಿಲ್ಲ. ಹಳೆಯ ಕಾರ್ಟೂನ್‌ಗಳು ನಿಜಕ್ಕೂ ಚೆನ್ನಾಗಿದ್ದವೇ, ಇಲ್ಲಾ ಇದು ಬರೀ ಬಾಲ್ಯದ ಮೋಹವೇ? ಮಗನಿಗೆ ಏನು ತೋರಿಸಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಬಹಳ ಹಿಡಿಸಿದ್ದು ‘ನನಗೂ ಅಷ್ಟು ರುಚಿಸಲಿಲ್ಲ’ ಎಂಬ ಮಾತು. ಈ ವಿಷಯ ಎತ್ತುವವರಲ್ಲಿ ಹೆಚ್ಚಿನವರು ಹಳೆಯ ಕಾರ್ಟೂನನ್ನು ಮತ್ತೆ ನೋಡಿರುವುದೇ ಇಲ್ಲ. ಶೀರ್ಷಿಕೆ ಗೀತೆ ಕೇಳಿ ಕಣ್ಣು ಒದ್ದೆ ಮಾಡಿಕೊಂಡು, ಆ ಕೂಡಲೇ ಈಗಿನದನ್ನು ಬೈಯಲು ಹೊರಡುತ್ತಾರೆ. ನೀವು ನೋಡಿದ್ದೀರಿ, ನೋಡಿ ಅನುಮಾನಪಟ್ಟಿದ್ದೀರಿ. ಆದ್ದರಿಂದ ನಿಮ್ಮೊಡನೆ ನೇರವಾಗಿ ಕಸುಬಿನ ಮಾತನ್ನೇ ಆಡಬಹುದು.

ಮೊದಲು ಮೌಗ್ಲಿಯನ್ನೇ ತೆಗೆದುಕೊಳ್ಳೋಣ. ಅದು ಜಪಾನಿನ ನಿಪ್ಪಾನ್ ಆ್ಯನಿಮೇಷನ್ ಸಂಸ್ಥೆ 1989ರಲ್ಲಿ ಆರಂಭಿಸಿದ 52 ಕಂತುಗಳ ಸರಣಿ. ಹಿಂದಿಗೆ ಬಂದಾಗ ಗುಲ್ಜಾರ್ ಹಾಡು ಬರೆದರು, ವಿಶಾಲ್ ಭಾರದ್ವಾಜ್ ರಾಗ ಹಾಕಿದರು, ಶೇರ್ ಖಾನನಿಗೆ ನಾನಾ ಪಾಟೇಕರ್ ಕಂಠ ಕೊಟ್ಟರು. ನಮ್ಮ ನೆನಪಿನಲ್ಲಿ ಗಟ್ಟಿಯಾಗಿ ಕೂತಿರುವುದರಲ್ಲಿ ದೊಡ್ಡ ಪಾಲು ಈ ಮೂವರಿಗೆ ಸಲ್ಲಬೇಕು. ವಾರಕ್ಕೊಂದು ಕಂತು ಮುಗಿಸಿಕೊಡಬೇಕಾದ ಟಿವಿ ಸರಣಿ ಎಂದ ಮೇಲೆ ಚಿತ್ರ ಬರೆಯುವವರು ಕೈ ಬಿಗಿಹಿಡಿಯಲೇಬೇಕು. ತೋಳಗಳು ಓಡುವಾಗ ಒಂದೇ ಓಟ ಮತ್ತೆ ಮತ್ತೆ ಬರುತ್ತದೆ, ಹಿಂದಿನ ಕಾಡು ಮಾತ್ರ ಸರಿಯುತ್ತದೆ. ಕರಿಚಿರತೆ ಬಘೀರ ಮಾತನಾಡುವಾಗ ಮೈಯೆಲ್ಲ ನಿಶ್ಚಲ, ದವಡೆಯಷ್ಟೇ ಮೇಲೆ ಕೆಳಗೆ. ನೀವು ಈಗಿನ ಕಾರ್ಟೂನ್‌ಗಳ ಮೇಲೆ ಹೊರಿಸಿರುವ ಆರೋಪ ಮೌಗ್ಲಿಯ ಮೇಲೂ ಅಕ್ಷರಶಃ ನಿಲ್ಲುತ್ತದೆ. ಹಾಗಿದ್ದೂ ಅದು ಕಳಪೆಯಲ್ಲ. ಯಾಕೆ ಅಲ್ಲ ಎಂಬುದಕ್ಕೆ ಸ್ವಲ್ಪ ಲೆಕ್ಕ ಹಾಕಬೇಕಾಗುತ್ತದೆ.

ಸಿನಿಮಾ ಫಿಲಂ ಸೆಕೆಂಡಿಗೆ 24 ಚೌಕಟ್ಟುಗಳಂತೆ (ಫ್ರೇಮ್) ಓಡುತ್ತದೆ. ಏಳು ನಿಮಿಷಕ್ಕೆ 10,080 ಚೌಕಟ್ಟು. ಒಂದು ಚಿತ್ರವನ್ನು ಎರಡೆರಡು ಚೌಕಟ್ಟಿಗೆ ನಿಲ್ಲಿಸಿಕೊಂಡರೂ ಒಂದೊಂದು ಪಾತ್ರಕ್ಕೆ ಐದು ಸಾವಿರದಷ್ಟು ಚಿತ್ರ ಬೇಕು. ಪ್ರತಿಯೊಂದನ್ನೂ ಪೆನ್ಸಿಲಿನಲ್ಲಿ ಬರೆದು, ಪಾರದರ್ಶಕ ಸೆಲ್ ಹಾಳೆಗೆ ಗೆರೆ ಇಳಿಸಿ, ಗೆರೆ ಕೆಡದಂತೆ ಹಾಳೆಯ ಹಿಂಬದಿಯಿಂದ ಬಣ್ಣ ತುಂಬಿ, ಹಿನ್ನೆಲೆಯ ಮೇಲಿಟ್ಟು ಒಂದೊಂದಾಗಿ ಫೋಟೊ ತೆಗೆಯಬೇಕು. ವಿಲಿಯಂ ಹ್ಯಾನಾ ಮತ್ತು ಜೋಸೆಫ್ ಬಾರ್ಬೆರಾ ಅಮೆರಿಕದ ಎಂಜಿಎಂ ಸ್ಟುಡಿಯೊದಲ್ಲಿ ಟಾಮ್ ಅಂಡ್ ಜೆರ್ರಿ ಮಾಡಿದ್ದು ಹೀಗೆಯೇ. 1940ರಿಂದ 1958ರವರೆಗೆ ತೆರೆಕಂಡದ್ದು 114 ಕಿರುಚಿತ್ರ. ವರ್ಷಕ್ಕೆ ಸರಾಸರಿ ಆರು. ಅವರ ತಂಡ ವರ್ಷಪೂರ್ತಿ ದುಡಿದರೆ ಈ ಬೆಕ್ಕು ಇಲಿಗಳಿಂದ ಕೈಗೆ ಬರುತ್ತಿದ್ದದ್ದು ಮುಕ್ಕಾಲು ಗಂಟೆಯ ಸರಕು! ಅದಕ್ಕೆ ಸ್ಕಾಟ್ ಬ್ರಾಡ್ಲಿ ಅವರ ಸಂಗೀತ, ಅದನ್ನು ನುಡಿಸಲು ಪೂರ್ಣ ವಾದ್ಯವೃಂದ. ಟಾಮ್ ಬಾಲಕ್ಕೆ ಪೆಟ್ಟು ಬಿದ್ದಾಗ ಕಿರುಚುತ್ತದಲ್ಲ, ಆ ಗಂಟಲು ಸ್ವತಃ ಹ್ಯಾನಾ ಅವರದು.

1957ರಲ್ಲಿ ಎಂಜಿಎಂ ತನ್ನ ಕಾರ್ಟೂನ್ ವಿಭಾಗವನ್ನು ಮುಚ್ಚಿತು. ಅದೇ ಇಬ್ಬರು ಹೊಟ್ಟೆಪಾಡಿಗೆ ಟಿವಿಗೆ ಬಂದರು. ಅಲ್ಲಿ ಐದು ನಿಮಿಷದ ಕಂತಿಗೆ ಸಿಗುತ್ತಿದ್ದದ್ದು ಸುಮಾರು 3 ಸಾವಿರ ಡಾಲರ್. ಒಂದು ಟಾಮ್ ಅಂಡ್ ಜೆರ್ರಿಗೆ ಅದರ ಹತ್ತು ಪಟ್ಟಿಗೂ ಹೆಚ್ಚು ಖರ್ಚಾಗುತ್ತಿತ್ತು. ಕೈಚಳಕ ಅದೇ, ಕಾಸು ಇಲ್ಲ. ಆಗ ಅವರು ಮೊರೆಹೋದದ್ದು ಮಿತವಾಗಿ ಅಲುಗುವ, ಬಾಯಿ ಮಾತ್ರ ಆಡುವ ಕಾರ್ಟೂನಿಗೆ. ಅವರ ಯೋಗಿ ಕರಡಿಯನ್ನು ನೀವು ನೋಡಿರಬಹುದು. ಮೈಮೇಲೆ ಬಟ್ಟೆಯಿಲ್ಲ, ಕೊರಳಿಗೆ ಮಾತ್ರ ಕಾಲರ್, ಟೈ. ಮುಂಡವನ್ನು ಹಾಗೇ ಇಟ್ಟು ತಲೆಯೊಂದನ್ನೇ ಬೇರೆ ಹಾಳೆಯಲ್ಲಿ ಬರೆದು ಆಡಿಸಿದರೆ ಕತ್ತಿನ ಬಳಿ ಗೆರೆ ಕೂಡದೆ ಎದ್ದು ಕಾಣುತ್ತದೆ. ಆ ಸಂದನ್ನು ಮುಚ್ಚುವುದೇ ಕಾಲರಿನ ಕೆಲಸ. ಕೋಟಿಲ್ಲದ ಕರಡಿಗೆ ಟೈ ಬಂದದ್ದು ಫ್ಯಾಷನ್ನಿಗಲ್ಲ, ಉಳಿತಾಯಕ್ಕೆ. ಅಂದರೆ ಗುಣಮಟ್ಟ ಇಳಿದ ಗೆರೆಯನ್ನು ನೀವು ಎಳೆದಿರುವ ಜಾಗದಲ್ಲಿ ಎಳೆಯುವಂತಿಲ್ಲ. ನೀವು ಹುಟ್ಟುವ ಬಹಳ ಮೊದಲೇ ಅದು ಇಳಿದಾಗಿತ್ತು.

ಹಾಗಾದರೆ ಎಲ್ಲವೂ ಮೋಹವೇ? ಅಲ್ಲ. ಅದಕ್ಕೆ ಟಾಮ್ ಅಂಡ್ ಜೆರ್ರಿಯೇ ಸಾಕ್ಷಿ. 1961-62ರಲ್ಲಿ ಜೀನ್ ಡೀಚ್ ಎಂಬವರ ನಿರ್ದೇಶನದಲ್ಲಿ ಪ್ರಾಗ್ ನಗರದಲ್ಲಿ 13 ಟಾಮ್ ಅಂಡ್ ಜೆರ್ರಿ ಚಿತ್ರಗಳು ತಯಾರಾದವು. ಕಡಿಮೆ ಹಣ, ಗುಹೆಯೊಳಗಿಂದ ಬಂದಂತಹ ವಿಚಿತ್ರ ಸದ್ದು, ಬಿಟ್ಟು ಬಿಟ್ಟು ಜಗ್ಗುವ ಚಲನೆ. ಕಾರ್ಟೂನ್ ನೆಟ್‌ವರ್ಕ್ ನೋಡಿ ಬೆಳೆದ ಯಾರನ್ನಾದರೂ ‘ಒಂಥರಾ ಇರುತ್ತಿದ್ದ ಟಾಮ್ ಅಂಡ್ ಜೆರ್ರಿ ನೆನಪಿದೆಯೇ’ ಎಂದು ಕೇಳಿ ನೋಡಿ, ಮುಖ ಹುಳ್ಳಗೆ ಮಾಡುತ್ತಾರೆ. ಅದೇ ಬಾಲ್ಯ, ಅದೇ ಟಿವಿ, ಶಾಲೆ ಬಿಟ್ಟು ಬಂದ ಅದೇ ಸಂಜೆ. ಎಲ್ಲವೂ ಮೋಹವೇ ಆಗಿದ್ದರೆ ಅವುಗಳ ಮೇಲೂ ಮೋಹ ಹುಟ್ಟಬೇಕಿತ್ತು. ಎಂಟು ವರ್ಷದ ಮಗುವಿಗೆ ಪ್ರಾಗ್ ಎಲ್ಲಿದೆ ಎಂದು ಗೊತ್ತಿರಲಿಲ್ಲ, ಆದರೆ ಟಾಮ್ ಬಿದ್ದಾಗ ನೆಲಕ್ಕೆ ಪೆಟ್ಟಾಗಲಿಲ್ಲ ಎಂದು ಗೊತ್ತಾಗುತ್ತಿತ್ತು.

ಈಗ ನನ್ನ ಮುಖ್ಯ ಮಾತು. ಹಳೆಯ ಸಿನಿಮಾ ಕಾರ್ಟೂನ್‌ಗಳ ದಿಗ್ಗಜ ಚಕ್ ಜೋನ್ಸ್ ಟಿವಿ ಕಾರ್ಟೂನ್‌ಗಳನ್ನು ‘ಚಿತ್ರ ಹಚ್ಚಿದ ರೇಡಿಯೊ’ ಎಂದು ಹಂಗಿಸುತ್ತಿದ್ದರು. ಕಣ್ಣು ಮುಚ್ಚಿಕೊಂಡರೂ ಕಥೆ ಪೂರ್ತಿ ತಿಳಿಯುತ್ತದೆ ಎಂದಾದರೆ ಚಿತ್ರ ಯಾಕೆ ಬೇಕು ಎಂಬುದು ಅವರ ಕುಹಕ. ಹಳೆಯದು ಹೊಸದು ಎಂಬುದಕ್ಕಿಂತ ಈ ಅಳತೆಗೋಲು ಹೆಚ್ಚು ನಂಬಿಕೆಗೆ ಅರ್ಹ: ಕಥೆಯನ್ನು ಹೇಳುತ್ತಿರುವುದು ಚಿತ್ರವೋ, ಮಾತೋ?

ನಮ್ಮ ಕಡೆಯವರಿಗೆ ಇದು ಇನ್ನಷ್ಟು ಸಲ್ಲುತ್ತದೆ. ಮೌಗ್ಲಿ ನೋಡುವಾಗ ನಿಮಗೆ ಹಿಂದಿ ಎಷ್ಟು ಬರುತ್ತಿತ್ತು? ಸಕಲೇಶಪುರದ, ಮೂಡಿಗೆರೆಯ ಎಷ್ಟೋ ಮಕ್ಕಳು ಶಾಲೆಯಲ್ಲಿ ಹಿಂದಿ ಅಕ್ಷರ ತಿದ್ದುವ ಮೊದಲೇ ಶೇರ್ ಖಾನನ ಗರ್ಜನೆ ಕೇಳಿದ್ದರು. ದೂರದರ್ಶನವನ್ನು ದೇಶದ ಮೂಲೆಮೂಲೆಗೆ ಮುಟ್ಟಿಸುತ್ತಿದ್ದದ್ದು ಇನ್ಸಾಟ್ ಉಪಗ್ರಹಗಳು. ಅವುಗಳ ಲಗಾಮು ಹಿಡಿದು ಕೂತದ್ದು 1982ರಲ್ಲಿ ಹಾಸನದ ಸಾಲಗಾಮೆ ರಸ್ತೆಯಲ್ಲಿ ನೆಲೆಗೊಂಡ ಇಸ್ರೊ ಕೇಂದ್ರ, ಊರವರ ಬಾಯಲ್ಲಿ ಎಂಸಿಎಫ್. ಉಪಗ್ರಹದ ಕೀಲಿ ಹಾಸನದಲ್ಲಿ, ಆದರೆ ಅದರಿಂದ ಇಳಿದುಬಂದ ಕಾರ್ಟೂನಿನ ಮಾತು ಹಾಸನದ ಮಗುವಿಗೆ ಅರ್ಥವಾಗದು. ಕನ್ನಡದಲ್ಲಿ ಮಾತನಾಡುವ ಕಾರ್ಟೂನ್‌ಗಳು ದಿನವಿಡೀ ಸಿಗಲು 2009ರಲ್ಲಿ ಚಿಂಟು ಟಿವಿ ಬರುವವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ನಾವು ಮಾಡಿದ್ದೇನು? ಕಣ್ಣಿನಿಂದ ಕೇಳಿಸಿಕೊಂಡೆವು. ಬಾಲ ಸೆಟೆದರೆ ಸಿಟ್ಟು, ಕಿವಿ ಮಡಿಸಿದರೆ ಭಯ, ಕಾ ಹೆಬ್ಬಾವು ನಿಧಾನಕ್ಕೆ ಸುರುಳಿ ಬಿಚ್ಚಿದರೆ ಏನೋ ಆಗಲಿದೆ. ಮಾತು ಕೈಕೊಟ್ಟಿದ್ದರಿಂದ ಚಿತ್ರವನ್ನು ನಾವು ಹಿಂದಿ ಬಲ್ಲವರಿಗಿಂತ ಹೆಚ್ಚು ಗಮನವಿಟ್ಟು ನೋಡಿದೆವು ಎಂದೇ ನನ್ನ ಅನಿಸಿಕೆ. ಮೌಗ್ಲಿ ಮಿತವ್ಯಯದ ಕಾರ್ಟೂನಾದರೂ ಈ ನೋಟಕ್ಕೆ ಮೋಸ ಮಾಡಲಿಲ್ಲ. ಅದರ ಕಾಡು ಕೈಯಿಂದ ಬಣ್ಣ ಹಚ್ಚಿದ ಕಾಡು. ಅಲುಗಿಸಲು ದುಡ್ಡಿಲ್ಲದಿದ್ದಾಗ ಅದನ್ನು ಮಾಡಿದವರು ಮರದ ಮೇಲಿನ ಬೆಳಕನ್ನೋ ಮೌಗ್ಲಿಯ ಮುಖವನ್ನೋ ಸುಮ್ಮನೆ ತೋರಿಸುತ್ತಾ ನಿಂತರು. ನಿಲ್ಲುವುದು ಎಲ್ಲಿ, ಎಷ್ಟು ಹೊತ್ತು ಎಂದು ತಿಳಿದವರ ಕೆಲಸ ಅದು. ಬಡತನವನ್ನು ಹೇಗೆ ಉಡಬೇಕೆಂದು ಅವರಿಗೆ ಗೊತ್ತಿತ್ತು.

ಇನ್ನು ‘ಪ್ಲಾಸ್ಟಿಕ್ ಮುಖ’. ಇದು ನಿಮ್ಮ ಕಣ್ಣಿನ ದೋಷವಲ್ಲ. ಕಾಗದದ ಮೇಲೆ ಬರೆದ ಪಾತ್ರ ಒಂದು ಸೆಕೆಂಡ್ ಪೂರ್ತಿ ಅಲುಗದೆ ನಿಂತರೆ ನಮಗೆ ಅದು ಯೋಚಿಸುತ್ತಿದೆ ಅನಿಸುತ್ತದೆ. ಕಂಪ್ಯೂಟರಿನಲ್ಲಿ ಮೂರು ಆಯಾಮದಲ್ಲಿ ಕಟ್ಟಿದ ಬೊಂಬೆ ಹಾಗೆ ನಿಂತರೆ ಸತ್ತಂತೆ ಕಾಣುತ್ತದೆ. ಹಾಗಾಗಿ ಅದನ್ನು ಸದಾ ಒಂದಿಷ್ಟು ಅಲುಗಿಸುತ್ತಲೇ ಇರಬೇಕು: ಉಸಿರು, ರೆಪ್ಪೆ, ಹೆಗಲಿನ ಸಣ್ಣ ಇಳಿತ. ಇದನ್ನು ಮನುಷ್ಯರು ಕೂತು ಮಾಡಿದರೆ ಜೀವ ಬರುತ್ತದೆ. ಗಡುವು ಹತ್ತಿರವಿದ್ದು ದುಡ್ಡು ಕಡಿಮೆಯಿದ್ದರೆ ಕಲಾವಿದ ಎರಡು ಭಂಗಿಗಳನ್ನು ಕೊಡುತ್ತಾನೆ, ನಡುವಿನ ಚಲನೆಯನ್ನು ಸಾಫ್ಟ್‌ವೇರ್ ತುಂಬಿಕೊಳ್ಳುತ್ತದೆ. ಅದಕ್ಕೆ ಭಾರ ಎಂದರೇನೆಂದು ತಿಳಿಯದು. ಎಲ್ಲವನ್ನೂ ಒಂದೇ ನಯದಲ್ಲಿ ತೇಲಿಸಿಬಿಡುತ್ತದೆ. ನಡೆಯುವಾಗ ಪಾತ್ರದ ಪಾದಗಳನ್ನು ನೋಡಿ. ನೆಲಕ್ಕೆ ಊರಿದ ಹೆಜ್ಜೆ ಹಿಂದಕ್ಕೋ ಮುಂದಕ್ಕೋ ಜಾರುತ್ತಿದ್ದರೆ ಅದು ಕಾಟಾಚಾರದ ಕೆಲಸ, ಬಣ್ಣ ಎಷ್ಟೇ ಮಿನುಗಲಿ.

ಚಿತ್ರ ಕಲಿಯಲು ಬರುವ ಹುಡುಗರನ್ನು ಕಂಪ್ಯೂಟರ್ ಮುಂದೆ ಕೂರಿಸುವ ಮೊದಲು ನಾನು ಬೇಲೂರಿಗೆ ಕಳಿಸುವುದು ಇದಕ್ಕೇ. ಚೆನ್ನಕೇಶವ ದೇವಾಲಯದ ಮದನಿಕೆಯರನ್ನು ನೋಡಿ, ಒಡವೆಗಳನ್ನು ಬಿಟ್ಟು ಮೈಯ ಭಾರ ಯಾವ ಕಾಲಿನ ಮೇಲಿದೆ ಎಂಬುದನ್ನಷ್ಟೇ ಬರೆದು ತನ್ನಿ ಎನ್ನುತ್ತೇನೆ. ಭಾರ ಒಂದು ಕಾಲಿಗೆ ಬಿದ್ದೊಡನೆ ಆ ಬದಿಯ ಸೊಂಟ ಮೇಲೇರುತ್ತದೆ, ಅದೇ ಬದಿಯ ಹೆಗಲು ತಗ್ಗುತ್ತದೆ, ತಲೆ ವಾಲಿ ಲೆಕ್ಕ ಸರಿದೂಗಿಸುತ್ತದೆ. ಅಗ್ಗದ ಕಾರ್ಟೂನಿನ ಪಾತ್ರ ನಿಂತಾಗ ಎರಡು ಹೆಗಲೂ ಸಮ, ಎರಡು ಕಾಲೂ ಸಮ, ಅಂಗಡಿಯ ಮುಂದಿನ ಉಡುಪಿನ ಬೊಂಬೆ. ಹನ್ನೆರಡನೇ ಶತಮಾನದ ಶಿಲ್ಪಿಗೆ ಗೊತ್ತಿದ್ದದ್ದನ್ನು ಕಲಿಯಲು ಇವತ್ತಿನ ಕಲಾವಿದನಿಗೆ ಬುದ್ಧಿ ಕಡಿಮೆ ಎಂದಲ್ಲ. ಅವನಿಗೆ ಕೊಟ್ಟಿರುವ ಸಮಯ ಕಡಿಮೆ.

ಎರಡು ಆಯಾಮದ ಅಗ್ಗದ ಕಾರ್ಟೂನ್‌ಗಳ ಕಥೆ ಬೇರೆ. ಅಲ್ಲಿ ಪಾತ್ರವನ್ನು ಒಮ್ಮೆ ಬರೆದು, ಕೈ ಕಾಲು ತಲೆಗಳನ್ನು ಬಿಡಿ ಮಾಡಿ, ಕೀಲು ಜೋಡಿಸಿ ಆಡಿಸುತ್ತಾರೆ. ತೊಗಲು ಗೊಂಬೆಯ ಲೆಕ್ಕವೇ. ಇದನ್ನೇ ಕಳಪೆಯ ಮೂಲ ಎಂದು ಬೈಯುವವರಿದ್ದಾರೆ, ನಾನು ಒಪ್ಪುವುದಿಲ್ಲ. ತೊಗಲು ಗೊಂಬೆಯ ರಾವಣನಿಗೆ ಇರುವುದೂ ನಾಲ್ಕಾರು ಕೀಲುಗಳೇ, ಅವನನ್ನು ಕಂಡು ನಮ್ಮ ಅಜ್ಜಿಯಂದಿರು ಬೆಚ್ಚುತ್ತಿದ್ದರು. ಆಡಿಸುವ ಕೈ ಮುಖ್ಯ. ಆಸ್ಟ್ರೇಲಿಯಾದ ಬ್ಲೂಯಿ ಸರಣಿ 2018ರಲ್ಲಿ ಶುರುವಾಯಿತು. ಇದೇ ಕತ್ತರಿಸಿ ಜೋಡಿಸುವ ವಿಧಾನ, ಏಳು ನಿಮಿಷದ ಕಂತು. ಅದರಲ್ಲಿ ಅಪ್ಪ ನಾಯಿ ಸೋಫಾದ ಮೇಲೆ ಕುಸಿದು ಕೂರುವ ರೀತಿಯನ್ನು ನೋಡಿದರೆ ಮಕ್ಕಳನ್ನು ಸಾಕಿದವರ ಸೊಂಟ ನೋವು ತಿಳಿದವರು ಬರೆದದ್ದು ಎಂದು ಗೊತ್ತಾಗುತ್ತದೆ. ಹೈದರಾಬಾದಿನ ಗ್ರೀನ್ ಗೋಲ್ಡ್ ಸಂಸ್ಥೆಯ ಛೋಟಾ ಭೀಮ್ 2008ರಲ್ಲಿ ಬಂದಾಗ ನಮ್ಮ ಮಕ್ಕಳಿಗೆ ಧೋತಿ ಉಟ್ಟ, ಲಡ್ಡು ತಿನ್ನುವ ನಾಯಕ ಸಿಕ್ಕಿದ. ಅದು ಸಣ್ಣ ಸಾಧನೆಯಲ್ಲ. ಅದರ ಮೇಲಿನ ನನ್ನ ತಕರಾರು ಕೀಲುಗಳದ್ದಲ್ಲ, ಕಥೆಯದ್ದು. ಸಂಕಟ ಬರುತ್ತದೆ, ಲಡ್ಡು ತಿನ್ನುತ್ತಾನೆ, ಹೊಡೆಯುತ್ತಾನೆ. ಕಂತುಗಳ ಸಂಖ್ಯೆಯನ್ನೇ ಕೇಳುವ ಮಾರುಕಟ್ಟೆಯಲ್ಲಿ ಯಾರಿಗೂ ಬೇರೆ ಯೋಚಿಸಲು ಪುರುಸೊತ್ತಿಲ್ಲ.

ನಿಮ್ಮ ಮಗ ಎದ್ದು ಹೋದದ್ದಕ್ಕೆ ಅವನನ್ನು ದೂರಬೇಡಿ. ನೀವು ತೋರಿಸಿದ್ದು ಬಹುಶಃ ನೀವು ನೋಡಿದ್ದ ಮೌಗ್ಲಿಯೇ ಅಲ್ಲ. ಆಗಿನ ಟಿವಿಯ ಪರದೆ 4:3 ಅಳತೆಯದು, ಹೆಚ್ಚುಕಡಿಮೆ ಚೌಕ. ಈಗ ಅಂತರ್ಜಾಲಕ್ಕೆ ಏರಿಸುವವರು ಅಗಲ ಪರದೆ ತುಂಬಲೆಂದು ಚಿತ್ರದ ಮೇಲೆ ಕೆಳಗೆ ಕತ್ತರಿಸುತ್ತಾರೆ, ಬಘೀರನ ಕಿವಿಯೂ ಕಾಲೂ ಹೋಗುತ್ತವೆ. ಹಕ್ಕುಸ್ವಾಮ್ಯದ ಕಣ್ಣು ತಪ್ಪಿಸಲು ಕೆಲವರು ಎಡ ಬಲ ತಿರುವಿಹಾಕಿ, ವೇಗ ಹೆಚ್ಚಿಸಿ ಹಾಕುತ್ತಾರೆ. ‘ಸ್ವಚ್ಛಗೊಳಿಸಿದ’ ಪ್ರತಿಗಳಲ್ಲಿ ಫಿಲಂನ ಸಣ್ಣ ಚುಕ್ಕೆಗಳನ್ನು ತೆಗೆಯಲು ಹೋಗಿ ಪೆನ್ಸಿಲ್ ಗೆರೆಯನ್ನೇ ತಿಂದುಹಾಕಿರುತ್ತಾರೆ. ಹಳೆಯ ಕೊಳವೆ ಟಿವಿಯ ಮಂಜು ಬಣ್ಣದ ಒರಟನ್ನೂ ಸೆಲ್ ಹಾಳೆಯ ಧೂಳನ್ನೂ ಮರೆಸುತ್ತಿತ್ತು, ಮೊಬೈಲ್ ಪರದೆ ಎಲ್ಲವನ್ನೂ ಬಯಲಿಗೆ ತರುತ್ತದೆ. ಅದರ ಮೇಲೆ ಅವನಿಗೆ ಹಿಂದಿ ಬಾರದು, ನಿಮಗಿದ್ದಂತೆ ವಾರವಿಡೀ ಕಾದ ಹಸಿವೂ ಇಲ್ಲ. ನೀವು ಆಂಟೆನಾ ತಿರುಗಿಸಿ ಸಂಪಾದಿಸಿದ್ದನ್ನು ಅವನಿಗೆ ಯಾರೋ ಕೈಗಿಟ್ಟರು.

ವೇಗದ ಮಾತೂ ಇದೆ. 2011ರಲ್ಲಿ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಆ್ಯಂಜಲಿನ್ ಲಿಲಾರ್ಡ್ ಮತ್ತು ಜೆನಿಫರ್ ಪೀಟರ್ಸನ್ ನಾಲ್ಕು ವರ್ಷದ 60 ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪು ಒಂಬತ್ತು ನಿಮಿಷ ವೇಗದ ಕಾರ್ಟೂನ್ ನೋಡಿತು, ಇನ್ನೊಂದು ನಿಧಾನದ್ದು ನೋಡಿತು, ಮೂರನೆಯದು ಚಿತ್ರ ಬರೆಯುತ್ತಾ ಕೂತಿತು. ವೇಗದ್ದರಲ್ಲಿ ಸರಾಸರಿ 11 ಸೆಕೆಂಡಿಗೊಮ್ಮೆ ದೃಶ್ಯ ಬದಲಾಗುತ್ತಿತ್ತು, ನಿಧಾನದ್ದರಲ್ಲಿ 34 ಸೆಕೆಂಡಿಗೊಮ್ಮೆ. ನೋಡಿ ಎದ್ದ ಕೂಡಲೇ ಕೊಟ್ಟ ಗಮನ, ತಾಳ್ಮೆಗಳ ಪರೀಕ್ಷೆಯಲ್ಲಿ ವೇಗದ ಗುಂಪು ಹಿಂದೆ ಬಿತ್ತು. ಸಣ್ಣ ಅಧ್ಯಯನ, ತಕ್ಷಣದ ಪರಿಣಾಮವನ್ನಷ್ಟೇ ಅಳೆದದ್ದು. ಅದರ ಮೇಲೆ ಮನೆ ಕಟ್ಟಬೇಡಿ. ಆದರೆ ಆ ವೇಗದ ಕಾರ್ಟೂನ್ ಸ್ಪಂಜ್‌ಬಾಬ್, 1999ರಲ್ಲಿ ಹುಟ್ಟಿದ್ದು. ಇಂದಿನ ಕಾಲೇಜು ಹುಡುಗರು ‘ನಮ್ಮ ಕಾಲದ ಒಳ್ಳೆಯ ಕಾರ್ಟೂನು’ ಎಂದು ನೆನೆಯುವ ಪಟ್ಟಿಯಲ್ಲಿ ಅದೂ ಇದೆ.

ಬಾಲ್ಯದ ಮೋಹದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಇದೆ, ಇರಲಿ. ನೆನಪು ಒಳ್ಳೆಯದನ್ನು ಮಾತ್ರ ಆರಿಸಿ ಇಟ್ಟುಕೊಂಡಿದೆ. ಅದೇ ದೂರದರ್ಶನದಲ್ಲಿ ಬಂದ ಬೇಸರದ ಸರಣಿಗಳ ಹೆಸರು ಕೂಡ ನಿಮಗೆ ನೆನಪಿರಲಾರದು. ಈಗಿನದು ಮಾತ್ರ ಜರಡಿ ಹಿಡಿಯದೆ ಕಣ್ಣ ಮುಂದಿದೆ.

ಏನು ತೋರಿಸಬೇಕು? ನನ್ನ ಆಯ್ಕೆ ಹೇಳುತ್ತೇನೆ, ಜಗಳಕ್ಕೆ ಅವಕಾಶವಿದೆ. ಆರು ವರ್ಷದವನಿಗೆ ಮೊದಲು ಶಾನ್ ದ ಶೀಪ್. ಬ್ರಿಟನ್ನಿನ ಆರ್ಡ್‌ಮನ್ ಸ್ಟುಡಿಯೊ 2007ರಿಂದ ಮಾಡುತ್ತಿರುವುದು, ಬೊಂಬೆಗಳನ್ನು ಕೈಯಿಂದ ಕೂದಲೆಳೆಯಷ್ಟು ಸರಿಸುತ್ತಾ ಒಂದೊಂದು ಚೌಕಟ್ಟು ಸೆರೆಹಿಡಿದದ್ದು. ಮಾತೇ ಇಲ್ಲ, ಹಾಗಾಗಿ ಭಾಷೆಯ ತಂಟೆಯಿಲ್ಲ. ಆಮೇಲೆ ಹ್ಯಾನಾ-ಬಾರ್ಬೆರಾ ಕಾಲದ ಟಾಮ್ ಅಂಡ್ ಜೆರ್ರಿ. ಹೊಡೆದಾಟ ಜಾಸ್ತಿ ಎನಿಸಿದರೆ ಪಕ್ಕದಲ್ಲಿ ಕೂತು ನೋಡಿ, ಕೆಲವು ಹಳೆಯ ಕಂತುಗಳಲ್ಲಿ ಕರಿಯರನ್ನು ಗೇಲಿ ಮಾಡಿದ ಚಿತ್ರಣವೂ ಇದೆ. ಕಂಪ್ಯೂಟರ್ ಬೊಂಬೆಗಳೆಲ್ಲ ಕೆಟ್ಟವು ಎಂಬ ಹಟ ನಿಮಗಿದ್ದರೆ ರಷ್ಯಾದ ಮಾಶಾ ಅಂಡ್ ದ ಬೇರ್ ನೋಡಿ. ಆ ಕರಡಿ ಒಂದು ಮಾತಾಡುವುದಿಲ್ಲ, ಬೆನ್ನಿನಲ್ಲೇ ನಿಟ್ಟುಸಿರು ಬಿಡುತ್ತದೆ. ಡಕ್‌ಟೇಲ್ಸ್ ಬೇಕೆಂದರೆ ನಿಮ್ಮ 1987ರದ್ದಕ್ಕಿಂತ 2017ರ ಹೊಸ ಆವೃತ್ತಿ ಅವನಿಗೆ ಹತ್ತಿರವಾದೀತು, ನಿಮಗೂ ಬೇಸರವಾಗಲಾರದು. ಭಾರತದ್ದೇ ಇರಲಿ ಎಂದರೆ 1974ರಲ್ಲಿ ವಿಜಯಾ ಮುಳೆ ನಿರ್ದೇಶಿಸಿ, ಭೀಮಸೇನ್ ಆ್ಯನಿಮೇಷನ್ ಮಾಡಿದ ‘ಏಕ್ ಅನೇಕ್ ಔರ್ ಏಕತಾ’ ಇದೆ. ಬಲೆ ಸಮೇತ ಹಕ್ಕಿಗಳು ಹಾರುವಾಗ ಯಾವ ಹಿಂದಿಯೂ ಬೇಕಾಗುವುದಿಲ್ಲ.

ಮೊಬೈಲಿನಲ್ಲಿ ಬೇಡ, ಟಿವಿಯಲ್ಲಿ ತೋರಿಸಿ. ಹೊಸ ಟಿವಿಯಾದರೆ ಚಿತ್ರದ ಸೆಟ್ಟಿಂಗ್‌ಗೆ ಹೋಗಿ ಚಲನೆಯನ್ನು ನಯಗೊಳಿಸುವ ಸೌಲಭ್ಯವನ್ನು ಬಂದ್ ಮಾಡಿಬಿಡಿ. ಕಂಪನಿಗೊಂದು ಹೆಸರಿಟ್ಟಿರುತ್ತಾರೆ, ಬಹುತೇಕ ‘ಮೋಷನ್’ ಎಂಬ ಪದ ಇರುತ್ತದೆ. ಕಲಾವಿದ ಬೇಕೆಂದೇ ಬಿಟ್ಟ ಜಾಗದಲ್ಲಿ ಅದು ತಾನೇ ಚೌಕಟ್ಟು ಹುಟ್ಟಿಸಿ ತುಂಬುತ್ತದೆ, ಕೈಯಿಂದ ಬರೆದ ಕಾರ್ಟೂನ್ ಅಂಟಂಟಾಗಿ ಕಾಣುತ್ತದೆ. 4:3ರ ಚಿತ್ರವನ್ನು ಹಿಗ್ಗಿಸಬೇಡಿ, ಎರಡು ಪಕ್ಕ ಕಪ್ಪು ಪಟ್ಟಿ ಉಳಿದರೆ ಉಳಿಯಲಿ.

ಇನ್ನು ಅವನು ತಾನಾಗಿ ಆರಿಸುವ ಕಾರ್ಟೂನ್‌ಗಳ ವಿಷಯ. ಬೈದು ಬಂದ್ ಮಾಡುವ ಬದಲು ಎರಡು ನಿಮಿಷ ಸದ್ದು ನಿಲ್ಲಿಸಿ ನೋಡಿಸಿ, ಏನಾಯಿತು ಹೇಳು ಎಂದು ಕೇಳಿ. ‘ಗೊತ್ತಾಗಲಿಲ್ಲ’ ಎಂದರೆ ಅದು ಚಿತ್ರ ಹಚ್ಚಿದ ರೇಡಿಯೊ. ಅದರ ಬದಲು ಆಕಾಶವಾಣಿಯ ಮಕ್ಕಳ ಕಾರ್ಯಕ್ರಮ ಹಾಕಿದರೂ ನಷ್ಟವಿಲ್ಲ. ಯಾರು ಯಾರ ಮೇಲೆ ಸಿಟ್ಟಾದರು, ಯಾಕೆ ಓಡಿದರು ಎಂದು ಅವನು ಸರಿಯಾಗಿ ಹೇಳಿದರೆ ಆ ಕಾರ್ಟೂನ್ ಅವನಿಗಿರಲಿ, ಅದರ ಬಣ್ಣ ನಿಮಗೆ ಎಷ್ಟೇ ಕಣ್ಣು ಕುಕ್ಕಲಿ.